ಉಣ್ಣೆಗೆ ಬಣ್ಣ ಹತ್ತುತ್ತಿಲ್ಲವೇ? ಮೊದಲು ಒಂದು ಹನಿ ನೀರು ಹಾಕಿ ನೋಡಿ

ತೊಳೆದು ಒಣಗಿಸಿದ ಉಣ್ಣೆ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಲ್ಲುತ್ತದೆ. ಪ್ರಿಂಟಿಂಗ್‌ಗೆ ಯಾವ ಉಣ್ಣೆ ಬಂದರೂ ನಾನು ಮೊದಲು ಮಾಡುವ ಪರೀಕ್ಷೆ ಇದು.

‘ಜಿಡ್ಡು ತೊಳೆದೇ ತಂದಿದ್ದೇವಲ್ಲ’ ಅನ್ನುತ್ತಾರೆ. ಸೋಪಿಗೆ ಹೋಗುವ ಜಿಡ್ಡು ಬೇರೆ, ಇದು ಬೇರೆ. ಉಣ್ಣೆಯ ಎಳೆಯ ಮೇಲೆ ಮನೆಗೆ ಹಂಚು ಹೊದಿಸಿದ ಹಾಗೆ ಪೊರೆಗಳಿವೆ. ಅವುಗಳ ಮೇಲೆ ಸುಮಾರು 1 ನ್ಯಾನೋಮೀಟರ್ ದಪ್ಪದ ಕೊಬ್ಬಿನ ಪದರ. ಸುಮ್ನೆ ಅಂಟಿಕೊಂಡದ್ದಲ್ಲ, ಗಂಧಕದ ಕೊಂಡಿಯಿಂದ ಪ್ರೋಟೀನಿಗೇ ಬೆಸೆದುಕೊಂಡಿದೆ.

ಡೈ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಬಣ್ಣ ಹೇಗೋ ಪೊರೆಗಳ ಸಂದಿಯಲ್ಲಿ ನುಗ್ಗುತ್ತದೆ. ಪ್ರಿಂಟ್‌ನಲ್ಲಿ ಆ ಅವಕಾಶ ಇಲ್ಲ. ಇರುವುದು ತೆಳುವಾದ ಪೇಸ್ಟು, ಆಮೇಲೆ ಅರ್ಧ ಗಂಟೆಯ ಹಬೆ. ಅದಕ್ಕೇ ಮಂಕು, ಚುಕ್ಕಿ ಚುಕ್ಕಿ.

ಹಳೆಯ ಮದ್ದು ಕ್ಲೋರಿನ್. ನಾವು ಬಳಸುವುದು ಡಿಸಿಸಿಎ, ಅಂದರೆ ನಿಧಾನವಾಗಿ ಕ್ಲೋರಿನ್ ಬಿಡುವ ಪುಡಿ. ಬಟ್ಟೆಯ ತೂಕದ 2ರಿಂದ 4 ಶೇಕಡಾ, ತಣ್ಣೀರು, ಪಿಎಚ್ (ಹುಳಿಯ ಅಳತೆ) 4ರಿಂದ 4.5. ಕೊನೆಗೆ ಸೋಡಿಯಂ ಸಲ್ಫೈಟ್ ಹಾಕಿ ಉಳಿದ ಕ್ಲೋರಿನ್ ಕೊಲ್ಲಬೇಕು. ಕೊಬ್ಬು ಕಳಚಿ, ನೀರನ್ನು ಎಳೆದುಕೊಳ್ಳುವ ರಾಸಾಯನಿಕ ಗುಂಪುಗಳು ಮೇಲೆ ಬರುತ್ತವೆ. ಬಟ್ಟೆ ಹನಿಯನ್ನು ಹೀರಿಕೊಳ್ಳುತ್ತದೆ.

ಇಲ್ಲಿ ಅವಸರ ಮಾಡಲೇಬಾರದು. ಶುರುವಿನ ದಿನಗಳಲ್ಲಿ ನಾನೇ ಒಮ್ಮೆ ಆ್ಯಸಿಡ್ ಜಾಸ್ತಿ ಮಾಡಿ, ಪುಡಿಯನ್ನೆಲ್ಲ ಒಟ್ಟಿಗೆ ಸುರಿದೆ. ಮೊದಲು ತಗುಲಿದ ಕಡೆಯೇ ಕ್ಲೋರಿನ್ ಕಚ್ಚಿಕೊಂಡಿತು. ಬಿಳಿ ಬಟ್ಟೆಯಲ್ಲಿ ಕಂಡದ್ದು ಚೂರು ಹಳದಿ ಅಷ್ಟೆ. ಪ್ರಿಂಟ್ ಮಾಡಿ ಹಬೆಗೆ ಇಟ್ಟು ತೆಗೆದಾಗ ಒಂದೇ ಶಾಲಿನಲ್ಲಿ ಎರಡು ಕೆಂಪು! ಮುಟ್ಟಿದರೆ ರಟ್ಟಿನ ಹಾಗೆ ಬಿರುಸು. ಅತಿಯಾಗಿ ಕ್ಲೋರಿನ್ ಕುಡಿದ ಉಣ್ಣೆ ಬಣ್ಣವನ್ನು ಬೇಗ ಎಳೆದುಕೊಳ್ಳುತ್ತದೆ, ತೊಳೆದಾಗ ಬೇಗ ಬಿಡುತ್ತದೆ ಕೂಡ.

ಇನ್ನೊಂದು ಚಿಂತೆ ಹೊರಹೋಗುವ ನೀರಿನದು. ಕ್ಲೋರಿನ್ ಸೇರಿದ ಸಾವಯವ ಕಸ ಸುಲಭವಾಗಿ ಕೊಳೆಯುವುದಿಲ್ಲ. ಅದಕ್ಕೇ ನನಗೆ ಪ್ಲಾಸ್ಮಾ ಇಷ್ಟ, ಅಂದರೆ ವಿದ್ಯುತ್ತಿನಿಂದ ಚುರುಕಾದ ಅನಿಲವನ್ನು ಬಟ್ಟೆಗೆ ತಗುಲಿಸುವ ವಿಧಾನ. ನೀರೇ ಬೇಡ, ತೀರಾ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ. ಯಂತ್ರ ದುಬಾರಿ, ನಿಜ. ಬಟ್ಟೆಯನ್ನು ಬಹಳ ದಿನ ಇಟ್ಟರೆ ಪರಿಣಾಮವೂ ಇಳಿಯುತ್ತದೆ, ಬೇಗ ಪ್ರಿಂಟ್ ಮಾಡಬೇಕು. ಕ್ಲೋರಿನ್ ಬದಲು ಪ್ರೋಟೀನ್ ಕತ್ತರಿಸುವ ಎಂಜೈಮ್‌ಗಳನ್ನು ಬಳಸುವುದಾದರೆ ಎಚ್ಚರ ಇರಲಿ, ಒಳಗೆ ಇಳಿದರೆ ಎಳೆಯನ್ನೇ ತಿನ್ನುತ್ತವೆ.

ಆಗಾಗ ಯಾರಾದರೂ ನಮ್ಮ ಕಡೆಯ ಕರಿ ಕಂಬಳಿ ತಂದು ‘ಇದಕ್ಕೂ ಹೂವು ಹೊಡೆಯಿರಿ’ ಅನ್ನುವುದುಂಟು. ಕಪ್ಪಿನ ಮೇಲೆ ಬಣ್ಣ ಕಾಣುವುದಿಲ್ಲ. ಜೊತೆಗೆ ಅದಕ್ಕೆ ಹುಣಸೆ ಬೀಜದ ಸರಿ (ಗಂಜಿ) ಹಾಕಿರುತ್ತಾರೆ. ಕುರಿಗಾಹಿಯ ಹೆಗಲ ಮೇಲೆ ಮಳೆಹನಿ ಜಾರಬೇಕಾದರೆ ಆ ಕೊಬ್ಬಿನ ಪದರ ಇರಲೇಬೇಕು, ಅಲ್ವಾ? ಹನಿ ಹಾಕಿ ತೋರಿಸಿ, ಮಡಿಚಿ ವಾಪಸ್ ಕೊಡುತ್ತೇನೆ.