ಟಿಂಬಿಲಾಕ್ಕೆ ಮನ್ನಣೆ ಸಿಕ್ಕಿತು, ಮ್ವೆಂಜೆ ಮರಕ್ಕೆ?

ಮೊಜಾಂಬಿಕ್‌ನ ದಕ್ಷಿಣದಲ್ಲಿ ಝವಾಲಾ ಅಂತ ಒಂದು ಜಿಲ್ಲೆ. ಅಲ್ಲಿನ ಚೋಪಿ ಜನರ ವಾದ್ಯ ಟಿಂಬಿಲಾ. ನಮ್ಮ ಕಾಷ್ಠತರಂಗದ ಹಾಗೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಕೋಲಿನಿಂದ ನುಡಿಸುತ್ತಾರೆ. ಇದರ ಮಾತು ಬಂದಾಗೆಲ್ಲ ಕಾಡು, ಬಡತನ, ಪರಂಪರೆ ಎಲ್ಲ ಒಟ್ಟಿಗೆ ಗೋಜಲಾಗುತ್ತವೆ. ಮರದಿಂದಲೇ ಶುರು ಮಾಡೋಣ.

ಪಟ್ಟಿಗೆ ಬೇಕಾದದ್ದು ಮ್ವೆಂಜೆ ಮರ. ಕೊಯ್ಯುವಾಗ ಹುಡಿ ಮೂಗಿಗೆ ಹೊಕ್ಕು ಸೀನು ಬರುತ್ತದೆ. ಬಲು ಗಟ್ಟಿ, ಗೆದ್ದಲು ಹತ್ತುವುದಿಲ್ಲ, ಬೆಳೆಯುವುದು ಮಾತ್ರ ತೀರಾ ನಿಧಾನ. ಪಟ್ಟಿಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ, ಅಡಿಭಾಗವನ್ನು ಕೆತ್ತಿ ಕೆತ್ತಿ ಶ್ರುತಿ ಮಾಡುತ್ತಾರೆ. ಪ್ರತಿ ಪಟ್ಟಿಯ ಕೆಳಗೂ ಒಂದು ಒಣ ಕಾಯಿಯ ಬುರುಡೆ. ನಮ್ಮ ಕಾಸರಕದ ಕುಲದ ಕಾಯಿ ಅದು. ಬುರುಡೆಗೊಂದು ತೂತು, ತೂತಿಗೆ ತೆಳು ಪೊರೆ, ಅಂಟಿಸಲು ಜೇನುಮೇಣ. ಪಟ್ಟಿ ಬಡಿದರೆ ಪೊರೆ ನಡುಗಿ ಜುಂಯ್ ಅನ್ನುತ್ತದೆ. ಆ ಜುಂಯ್ ಇಲ್ಲದಿದ್ದರೆ ಅದು ಟಿಂಬಿಲಾ ಅಲ್ಲವೇ ಅಲ್ಲ.

ಈ ಕಥೆ ಹಳೆಯದು. ಗೋವಾದಿಂದ ಹೋಗಿದ್ದ ಜೆಸ್ಯೂಟ್ ಪಾದ್ರಿ ಆಂದ್ರೆ ಫರ್ನಾಂಡಿಸ್ 1562ರಲ್ಲೇ ಆ ಭಾಗದ ಬುರುಡೆ, ಮೇಣದ ವಾದ್ಯಗಳ ಬಗ್ಗೆ ಬರೆದಿದ್ದರು. 20ನೇ ಶತಮಾನದಲ್ಲಿ ಚೋಪಿ ಗಂಡಸರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ದುಡಿಯಲು ಹೋದರು. ಟಿಂಬಿಲಾವೂ ಜೊತೆಗೇ ಹೋಯಿತು, ಭಾನುವಾರಗಳಂದು ಗಣಿ ವಠಾರಗಳಲ್ಲಿ ಮೊಳಗಿತು. 1975ರಲ್ಲಿ ಮೊಜಾಂಬಿಕ್‌ಗೆ ಸ್ವಾತಂತ್ರ್ಯ, ಆಮೇಲೆ 1992ರವರೆಗೂ ಅಂತರ್ಯುದ್ಧ. ಗಣಿಯಲ್ಲಿ ದಶಕಗಳನ್ನು ಕಳೆದ ಟಿಂಬಿಲಾ ವಾದಕ ವೆನಾನ್ಸಿಯೊ ಎಂಬಾಂಡೆ ಯುದ್ಧ ಮುಗಿದ ಮೇಲೆ ಊರಿಗೆ ಮರಳಿ, ವಾದ್ಯ ಮಾಡುತ್ತಾ ಹುಡುಗರಿಗೆ ಕಲಿಸಿದರು. 2015ರಲ್ಲಿ ತೀರಿಕೊಂಡರು. ಅಷ್ಟರಲ್ಲಿ, 2005ರಲ್ಲಿ, ಯುನೆಸ್ಕೋ ಟಿಂಬಿಲಾವನ್ನು ಮನುಕುಲದ ಪರಂಪರೆ ಎಂದು ಸಾರಿತ್ತು. ಝವಾಲಾದ ಕಿಸ್ಸಿಕೊ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ಮ್ಸಾಹೊ ಎಂಬ ಟಿಂಬಿಲಾ ಉತ್ಸವ ನಡೆಯುತ್ತದೆ.

ಇಷ್ಟೆಲ್ಲ ಆದರೂ ಮ್ವೆಂಜೆ ಅಪರೂಪವಾಗುತ್ತಲೇ ಹೋಗಿದೆ. ಕಡಿದವರನ್ನು ಸುಮ್ನೆ ದೂರಿದರೆ ಆಗುವುದಿಲ್ಲ. ಒಲೆಗೆ ಸೌದೆ ಬೇಕು. ಬೇಲಿಗೆ ಗೂಟ ಬೇಕು, ಗೆದ್ದಲು ಹತ್ತದ ಮರ ಅಂದಮೇಲೆ ಯಾರು ಬಿಡ್ತಾರೆ? ಇದ್ದಿಲು ಸುಟ್ಟು ಮಾರಿದರೆ ಬೇಗ ಕಾಸು ಕೈಗೆ ಬರುತ್ತದೆ. ವಾದ್ಯ ಮಾಡಿದರೆ ಕೊಳ್ಳುವವರಿಗಾಗಿ ಕಾಯಬೇಕು. ಒಳ್ಳೆಯ ಮರ ಸಿಗದೆ ವಾದ್ಯ ಮಾಡುವುದು ಕಡಿಮೆಯಾದರೆ ನುಡಿಸುವವರಿಗೂ ಕೆಲಸ ಕಡಿಮೆ. ಅವರ ಮಕ್ಕಳು ದುಡಿಮೆಗೆ ಪಟ್ಟಣ ಸೇರುತ್ತಾರೆ.

ಗಿಡ ನೆಡಿ ಅನ್ನುವ ಮಾತು ಸರಿಯಾದದ್ದೇ. ಆದರೆ ಇವತ್ತು ನೆಟ್ಟ ಮ್ವೆಂಜೆಯಿಂದ ಪಟ್ಟಿ ಕೊಯ್ಯುವುದು ಬಹುಶಃ ಮೊಮ್ಮಕ್ಕಳು. ಅಲ್ಲಿಯವರೆಗೆ ಆ ಸಸಿಗೆ ನೀರು ಹಾಕಿ, ಮೇಕೆಯಿಂದ ಕಾಯುವವರಿಗೆ ತಿಂಗಳ ಕೂಲಿ ಎಲ್ಲಿಂದ ಬರಬೇಕು? ಉತ್ಸವದ ವೇದಿಕೆಗೆ ದುಡ್ಡು ಹೊಂದಿಸುವಾಗಲೇ ಆ ಕೂಲಿಯ ಲೆಕ್ಕವನ್ನೂ ಹಾಕಬೇಕು.