ಮಗುವಿನ ದೀಕ್ಷಾಸ್ನಾನ: ಈಗಲೋ, ಬೆಳೆದ ಮೇಲೋ?

ಓದುಗರ ಪ್ರಶ್ನೆ: ನಾವು ಕಾರವಾರದ ಕಥೋಲಿಕ ಮನೆತನದವರು. ನನ್ನ ಹೆಂಡತಿಯ ತವರಿನವರು ಕೆಲವು ವರ್ಷಗಳಿಂದ ಪೆಂತೆಕೊಸ್ತ್ ಸಭೆಗೆ ಹೋಗುತ್ತಿದ್ದಾರೆ. ನಮ್ಮ ಮಗನಿಗೆ ಈಗ ನಾಲ್ಕು ತಿಂಗಳು. ಬೇಗ ದೀಕ್ಷಾಸ್ನಾನ ಮಾಡಿಸಿ ಎಂದು ನನ್ನ ತಾಯಿ ದಿನವೂ ಹೇಳುತ್ತಾರೆ. ಏನೂ ಅರಿಯದ ಕೂಸಿನ ತಲೆಗೆ ನೀರು ಹಾಕಿದರೆ ಏನು ಬಂತು, ದೊಡ್ಡವನಾಗಿ ನಂಬಿಕೆ ಬಂದ ಮೇಲೆ ತಾನೇ ಕೇಳಲಿ ಎಂದು ಮಾವ ಹೇಳುತ್ತಾರೆ. ಬೈಬಲ್ ಪ್ರಕಾರ ಯಾರ ಮಾತು ಸರಿ?

ಉತ್ತರ: ಕಾರವಾರ, ಹೊನ್ನಾವರಗಳಿಂದ ಹಿಡಿದು ಘಟ್ಟದ ಮೇಲಿನ ಶಿರಸಿ, ಹಳಿಯಾಳದವರೆಗೆ ಇದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. ಕೇಳುವ ರೀತಿ ಮಾತ್ರ ಒಂದೇ: ಅತ್ತೆ ಒಂದು ಕಡೆ, ಮಾವ ಇನ್ನೊಂದು ಕಡೆ, ನಡುವೆ ತೊಟ್ಟಿಲು.

ಶಿಶುಗಳಿಗೆ ದೀಕ್ಷಾಸ್ನಾನ ಕೊಡಿ ಎಂಬ ಆಜ್ಞೆ ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಕೊಡಬೇಡಿ ಎಂಬ ನಿಷೇಧವೂ ಇಲ್ಲ. ಬೈಬಲ್ ತನ್ನ ಪರವಾಗಿ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ ಎಂದು ಯಾವ ಕಡೆಯವರು ಹೇಳಿದರೂ ಅವರು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಿದ್ದಾರೆ.

ನಿಮ್ಮ ಮಾವನ ಬಳಿ ಇರುವ ವಚನಗಳು ಹಗುರವಲ್ಲ. ಮಾರ್ಕ 16:16 ನಂಬಿಕೆಯನ್ನು ಮೊದಲಿಟ್ಟು ದೀಕ್ಷಾಸ್ನಾನವನ್ನು ಅನಂತರ ಇಡುತ್ತದೆ. ಅಪೊಸ್ತಲರ ಕೃತ್ಯಗಳು 2:38ರಲ್ಲಿ ಪೇತ್ರನು ಮೊದಲು ಪಶ್ಚಾತ್ತಾಪಪಡಿ ಎನ್ನುತ್ತಾನೆ, ಆಮೇಲೆ ದೀಕ್ಷಾಸ್ನಾನದ ಮಾತೆತ್ತುತ್ತಾನೆ. ಸಮಾರ್ಯದಲ್ಲಿ ಫಿಲಿಪ್ಪನ ಉಪದೇಶ ಕೇಳಿ ದೀಕ್ಷೆ ಪಡೆದವರು ಗಂಡಸರು, ಹೆಂಗಸರು ಎಂದು ಅದೇ ಪುಸ್ತಕದ 8:12 ಹೇಳುತ್ತದೆ. ಮಕ್ಕಳ ಸುದ್ದಿ ಅಲ್ಲಿಲ್ಲ.

ನಿಮ್ಮ ತಾಯಿಯ ಕಡೆಯವರು ಮೂರು ಮನೆಗಳನ್ನು ತೋರಿಸುತ್ತಾರೆ. ಫಿಲಿಪ್ಪಿ ಊರಿನಲ್ಲಿ ನೇರಳೆ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ, ಅದೇ ಊರಿನ ಸೆರೆಮನೆಯ ಅಧಿಕಾರಿ, ಕೊರಿಂಥದ ಸ್ತೆಫನ, ಈ ಮೂವರೂ ತಮ್ಮ ಮನೆಯವರ ಸಮೇತ ದೀಕ್ಷೆ ಪಡೆದರು. ಆ ಮನೆಗಳಲ್ಲಿ ಕೂಸುಗಳಿದ್ದವೇ? ಬೈಬಲ್ ಹೇಳುವುದಿಲ್ಲ. ಮಕ್ಕಳನ್ನು ನನ್ನ ಬಳಿಗೆ ಬರಲು ಬಿಡಿ ಎಂದು ಯೇಸು ಹೇಳಿದ್ದನ್ನೂ ಎತ್ತಿ ತೋರಿಸುವುದುಂಟು. ಮಾತು ಸುಂದರವಾಗಿದೆ, ಆದರೆ ಆ ಸಂದರ್ಭದಲ್ಲಿ ನೀರೇ ಇಲ್ಲ. ಯೇಸು ಮಕ್ಕಳ ಮೇಲೆ ಕೈಯಿಟ್ಟು ಆಶೀರ್ವದಿಸಿದನು, ಅಷ್ಟೇ. ನನ್ನ ದೃಷ್ಟಿಯಲ್ಲಿ ಅವರ ಬಲವಾದ ಆಧಾರ ಕೊಲೊಸ್ಸೆಯವರಿಗೆ ಬರೆದ ಪತ್ರದ 2:11–12. ಅಲ್ಲಿ ಸುನ್ನತಿ ಮತ್ತು ದೀಕ್ಷಾಸ್ನಾನಗಳು ಅಕ್ಕಪಕ್ಕದಲ್ಲಿ ಬರುತ್ತವೆ. ಯೆಹೂದ್ಯರ ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿಯಾಗುತ್ತಿತ್ತು, ಅವನ ಒಪ್ಪಿಗೆಯನ್ನು ಯಾರೂ ಕೇಳುತ್ತಿರಲಿಲ್ಲ. ಒಡಂಬಡಿಕೆಯ ಹಳೆಯ ಗುರುತು ಶಿಶುವಿಗೆ ಸಲ್ಲುತ್ತಿದ್ದರೆ ಹೊಸ ಗುರುತು ಏಕೆ ಸಲ್ಲಬಾರದು ಎಂಬುದು ಅವರ ವಾದ.

ಇನ್ನೊಂದು ಸಂಗತಿಯನ್ನು ಎರಡೂ ಕಡೆಯವರು ಮರೆಯುತ್ತಾರೆ. ಕೃತ್ಯಗಳ ಪುಸ್ತಕದಲ್ಲಿರುವುದು ಮೊದಲ ತಲೆಮಾರಿನ ಕಥೆ. ಅಲ್ಲಿ ದೀಕ್ಷೆ ಪಡೆಯುವವರೆಲ್ಲ ಹೊರಗಿನಿಂದ ಹೊಸದಾಗಿ ಬಂದವರು, ಆದ್ದರಿಂದ ನಂಬಿಕೆ ಮೊದಲು ಬರಲೇಬೇಕು. ಕ್ರೈಸ್ತ ತಾಯಿತಂದೆಗೆ ಹುಟ್ಟಿದ ಮಗುವಿಗೆ ಕೂಸಾಗಿದ್ದಾಗ ದೀಕ್ಷೆ ಕೊಟ್ಟ ಉದಾಹರಣೆ ಅಲ್ಲಿಲ್ಲ. ಅಂಥ ಮಗು ಬೆಳೆದು ದೊಡ್ಡವನಾದ ಮೇಲೆ ದೀಕ್ಷೆ ಪಡೆದ ಉದಾಹರಣೆಯೂ ಇಲ್ಲ. ನಿಮ್ಮ ಮಗನ ಪರಿಸ್ಥಿತಿ ಆ ಪುಟಗಳಲ್ಲಿ ಬರುವುದೇ ಇಲ್ಲ.

ಹಾಗಾದರೆ ಆಮೇಲಿನ ಕ್ರೈಸ್ತ ಸಭೆ ಏನು ಮಾಡಿತು? ಉತ್ತರ ಆಫ್ರಿಕದ ಕಾರ್ಥೇಜ್ ಎಂಬ ಒಂದೇ ನಗರದಲ್ಲಿ ಈ ಜಗಳದ ಎರಡೂ ಮುಖಗಳು ಸಿಗುತ್ತವೆ. ಸುಮಾರು ಕ್ರಿ.ಶ. 200ರಲ್ಲಿ ಅಲ್ಲಿಯ ತೆರ್ತುಲ್ಲಿಯನ್ ಎಂಬ ಲೇಖಕ, ಪಾಪವನ್ನೇ ಅರಿಯದ ವಯಸ್ಸಿನವರಿಗೆ ಪಾಪಕ್ಷಮೆಯ ಅವಸರವೇನು, ಕ್ರಿಸ್ತನನ್ನು ಅರಿಯುವಷ್ಟು ಬೆಳೆಯಲಿ ಎಂಬರ್ಥದಲ್ಲಿ ಬರೆದ. ಇದು ಥೇಟ್ ನಿಮ್ಮ ಮಾವನ ಮಾತು. ಆದರೆ ಬೇಡ ಎಂದು ವಾದಿಸಬೇಕಾಗಿ ಬಂತೆಂದರೆ ಆಗಲೇ ಯಾರೋ ಕೂಸುಗಳನ್ನು ತರುತ್ತಿದ್ದರು ಎಂದಾಯಿತು. ಅದಾಗಿ ಅರ್ಧ ಶತಮಾನದ ಬಳಿಕ, ಸುಮಾರು 253ರಲ್ಲಿ, ಅದೇ ಊರಿನ ಬಿಷಪ್ ಸಿಪ್ರಿಯಾನ್ ಮತ್ತು ಆತನ ಜೊತೆಗಾರರು, ಒಟ್ಟು 66 ಬಿಷಪರು, ಸಭೆ ಸೇರಿದರು. ಫಿದುಸ್ ಎಂಬ ಬಿಷಪ್, ಸುನ್ನತಿಯ ಹಾಗೆ ಎಂಟನೆಯ ದಿನದವರೆಗೆ ಕಾಯಬೇಕು ಎಂದು ಅಭಿಪ್ರಾಯಪಟ್ಟಿದ್ದ. ಅಷ್ಟು ದಿನವೂ ಕಾಯಬೇಕಿಲ್ಲ ಎಂದು ಸಭೆ ಉತ್ತರಿಸಿತು. ಅಷ್ಟರಲ್ಲಿ ಕೊಡಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ಮುಗಿದು, ಎಷ್ಟನೆಯ ದಿನ ಎಂಬುದು ಉಳಿದಿತ್ತು.

ನಾಲ್ಕನೆಯ ಶತಮಾನದಲ್ಲಿ ಗಾಳಿ ಮತ್ತೆ ತಿರುಗಿತು. ದೀಕ್ಷೆ ಒಂದೇ ಸಲ, ಆಮೇಲೆ ಮಾಡಿದ ಪಾಪವನ್ನು ಅದರಿಂದ ಮತ್ತೆ ತೊಳೆಯಲಾಗದು ಎಂಬ ಭಯದಿಂದ ಜನ ಮುಂದೂಡತೊಡಗಿದರು. ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷೆ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಸಂತ ಅಗಸ್ಟೀನ್ ಹುಡುಗನಾಗಿದ್ದಾಗ ಹೊಟ್ಟೆನೋವಿನಿಂದ ಸಾಯುವಂತಾದ. ತಾಯಿ ಮೋನಿಕಾ ಗಡಿಬಿಡಿಯಲ್ಲಿ ದೀಕ್ಷೆಗೆ ಅಣಿಮಾಡಿದಳು. ಅಷ್ಟರಲ್ಲಿ ಹುಡುಗ ಚೇತರಿಸಿಕೊಂಡ, ದೀಕ್ಷೆ ನಿಂತುಹೋಯಿತು. ಅವನಿಗೆ ನೀರು ಬಿದ್ದದ್ದು 387ರ ಈಸ್ಟರ್‌ನಲ್ಲಿ, ಮಿಲಾನ್ ನಗರದಲ್ಲಿ, ಅಂಬ್ರೋಸನ ಕೈಯಿಂದ. ಆ ಮುಂದೂಡಿಕೆಯನ್ನು ನೆನೆದು ಅವನು ಅನಂತರ ಬೇಸರಪಟ್ಟು ಬರೆದಿದ್ದಾನೆ. ಮನುಷ್ಯ ಹುಟ್ಟುವಾಗಲೇ ಆದಾಮನ ಪಾಪವನ್ನು ಹೊತ್ತಿರುತ್ತಾನೆ ಎಂಬ ಜನ್ಮಪಾಪದ ಬೋಧನೆಯನ್ನು ಮುಂದಿಟ್ಟುಕೊಂಡು ಶಿಶು ದೀಕ್ಷಾಸ್ನಾನಕ್ಕೆ ಪಶ್ಚಿಮದ ಸಭೆಯಲ್ಲಿ ಗಟ್ಟಿ ತಳಪಾಯ ಹಾಕಿದವನೂ ಅವನೇ.

ಆ ತಳಪಾಯವನ್ನು ಬಲವಾಗಿ ಅಲುಗಾಡಿಸಿದ್ದು 1525ರ ಜನವರಿ 21. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಒಂದು ಮನೆಯಲ್ಲಿ ಸೇರಿ, ಶಿಶುವಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ ಎಂದು ಪರಸ್ಪರ ಹೊಸದಾಗಿ ದೀಕ್ಷೆ ಕೊಟ್ಟುಕೊಂಡರು. ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಇಬ್ಬರೂ ರೋಮಿನೊಂದಿಗೆ ನೂರು ವಿಷಯಗಳಲ್ಲಿ ಕಾದಾಡಿದವರು, ಆದರೆ ಈ ವಿಷಯದಲ್ಲಿ ಶಿಶುಗಳ ಪರವೇ ನಿಂತರು. ಜ್ಯೂರಿಕ್ ನಗರದ ಅಧಿಕಾರಿಗಳು 1527ರಲ್ಲಿ ಆ ಗುಂಪಿನ ಫೆಲಿಕ್ಸ್ ಮಾಂಜ್ ಎಂಬವನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರಿನ ವಿಷಯಕ್ಕೆ ನೀರಿನಲ್ಲೇ ಶಿಕ್ಷೆ. ಧರ್ಮದ ಹೆಸರಿನ ಕ್ರೌರ್ಯಕ್ಕೆ ಕುಹಕವೂ ಗೊತ್ತಿರುತ್ತದೆ. ಮುಂದೆ ಬ್ಯಾಪ್ಟಿಸ್ಟರು, ಇಪ್ಪತ್ತನೆಯ ಶತಮಾನದಲ್ಲಿ ಪೆಂತೆಕೊಸ್ತಿನವರು, ನಂಬಿದವರಿಗೆ ಮಾತ್ರ ಎಂಬ ನಿಲುವನ್ನು ಜಗತ್ತಿನಾದ್ಯಂತ ಹಬ್ಬಿಸಿದರು. ನಿಮ್ಮ ಮಾವನ ಸಭೆಗೆ ಅದು ಬಂದಿರುವುದು ಆ ದಾರಿಯಲ್ಲಿ.

ಈ ಜಗಳ ವಯಸ್ಸಿನದು ಎಂದು ತೋರಿದರೂ ನಿಜವಾಗಿ ದೀಕ್ಷಾಸ್ನಾನದಲ್ಲಿ ಕೆಲಸ ಮಾಡುವವರು ಯಾರು ಎಂಬುದರದು. ಕಥೋಲಿಕರು, ಆರ್ಥೊಡಾಕ್ಸರು, ಲೂಥರನ್ನರು, ಸಿಎಸ್‌ಐ ಎಂಬ ದಕ್ಷಿಣ ಭಾರತ ಸಭೆಯವರು ಹೇಳುವುದು: ದೇವರು ಕೊಡುತ್ತಾನೆ, ಮನುಷ್ಯ ಪಡೆಯುತ್ತಾನೆ. ಪಡೆಯಲು ಕೂಸಿಗಿಂತ ಅರ್ಹರು ಯಾರು? ಬ್ಯಾಪ್ಟಿಸ್ಟರು, ಪೆಂತೆಕೊಸ್ತಿನವರು ಹೇಳುವುದು: ಆಗಲೇ ಹುಟ್ಟಿದ ನಂಬಿಕೆಯನ್ನು ಮನುಷ್ಯ ನಾಲ್ಕು ಜನರ ಮುಂದೆ ಅರಿಕೆ ಮಾಡುತ್ತಾನೆ. ಅರಿಕೆ ಮಾಡಲು ಬಾಯಿ ಬೇಕು. ಈ ಮೂಲ ಪ್ರಶ್ನೆಗೆ ನಿಮ್ಮ ಉತ್ತರ ಯಾವುದೆಂದು ಗೊತ್ತಾದರೆ ವಯಸ್ಸಿನ ಪ್ರಶ್ನೆ ತಾನಾಗಿ ಇತ್ಯರ್ಥವಾಗುತ್ತದೆ. ಊಟದ ಹೊತ್ತಿಗೆ ವಚನಗಳನ್ನು ಎಸೆದಾಡಿಕೊಂಡರೆ ಆಗುವುದಿಲ್ಲ.

ಶಿರಸಿಯ ಕಡೆ ಹವ್ಯಕ ನೆರೆಹೊರೆಯವರು, ನಿಮ್ಮದು ನಾಮಕರಣದಂಥದೋ ಉಪನಯನದಂಥದೋ ಎಂದು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಕಥೋಲಿಕರಲ್ಲಿ ಎರಡರ ಅಂಶವೂ ಹಂಚಿಹೋಗಿದೆ: ಕೂಸಿಗೆ ಹೆಸರಿಟ್ಟು ನೀರೆರೆಯುವುದು ಮೊದಲು, ತಿಳಿವಳಿಕೆ ಬಂದ ಮೇಲೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯುವ ಪ್ರಥಮ ಪರಮಪ್ರಸಾದ, ಆಮೇಲೆ ಬಿಷಪರ ಕೈಯಿಂದ ವಿಶ್ವಾಸವನ್ನು ಗಟ್ಟಿಗೊಳಿಸುವ ದೃಢೀಕರಣ. ಅಂದು ತಾಯಿತಂದೆ ಹೇಳಿದ ‘ಹೌದು’ ಎಂಬ ಮಾತನ್ನು ಮಗ ತನ್ನ ಬಾಯಿಂದ ಹೇಳುವುದು ಈ ಹಂತಗಳಲ್ಲಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಹೀಗೆ ಹಂಚುವುದಿಲ್ಲ. ಕೂಸಿಗೆ ದೀಕ್ಷೆ, ತೈಲಾಭಿಷೇಕ, ಪ್ರಸಾದ ಮೂರನ್ನೂ ಒಟ್ಟಿಗೇ ಕೊಡುತ್ತವೆ.

ಈಗ ಇಗರ್ಜಿಯೊಳಗೆ ಏನಾಗುತ್ತದೆ ನೋಡಿ. ಪಾದ್ರಿಗಳು ಬಾಗಿಲ ಬಳಿ ಬಂದು ಮೊದಲು ಕೇಳುವುದು ಮಗುವಿಗೆ ಏನು ಹೆಸರು ಎಂದು. ಎರಡನೆಯದು, ದೇವರ ಸಭೆಯಿಂದ ಏನನ್ನು ಬೇಡುತ್ತೀರಿ ಎಂದು. ಮೂರನೆಯದು ತಾಯಿತಂದೆಗೇ ನೇರವಾಗಿ: ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ಹೊರುತ್ತಿದ್ದೀರಿ, ಅದರ ಅರಿವು ನಿಮಗಿದೆಯೇ? ಹಣೆಯ ಮೇಲೆ ಶಿಲುಬೆ ಗುರುತು ಹಾಕುತ್ತಾರೆ. ಸೈತಾನನನ್ನು ತೊರೆಯುತ್ತೇವೆ ಎಂದು ದೊಡ್ಡವರು ಮೂರು ಸಲ ಹೇಳುತ್ತಾರೆ, ವಿಶ್ವಾಸವನ್ನು ಪ್ರಕಟಿಸುತ್ತಾರೆ. ಆಮೇಲೆ ಅಜ್ಜಿ ಬೆಳಿಗ್ಗೆಯೇ ಎಣ್ಣೆ ಹಚ್ಚಿ ನುಣ್ಣಗೆ ಮಾಡಿದ ತಲೆಯ ಮೇಲೆ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಮೂರು ಸಲ ನೀರು ಬೀಳುತ್ತದೆ. ಕೂಸು ಕಿರುಚುತ್ತದೆ, ಮೊಬೈಲ್‌ಗಳೆಲ್ಲ ಮೇಲೇಳುತ್ತವೆ. ನೆತ್ತಿಗೆ ಅಭಿಷೇಕ ತೈಲ, ಮೈಮೇಲೆ ಬಿಳಿ ಬಟ್ಟೆ, ಪಾಸ್ಕ ಮೇಣದಬತ್ತಿಯಿಂದ ಹೊತ್ತಿಸಿದ ಪುಟ್ಟ ಬತ್ತಿ ತಂದೆಯ ಕೈಗೆ. ಇಷ್ಟರಲ್ಲಿ ಪ್ರಶ್ನೆಗಳೆಲ್ಲ ದೊಡ್ಡವರಿಗೆ, ಕೂಸಿಗೆ ಒಂದೂ ಇಲ್ಲ ಎಂಬುದನ್ನು ಗಮನಿಸಿ.

ಅದಕ್ಕೇ ಕಥೋಲಿಕ ಕಾನೂನು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತದೆ. 1983ರ ಸಂಹಿತೆಯ 867ನೆಯ ನಿಯಮದಂತೆ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ದೀಕ್ಷೆ ಕೊಡಿಸುವುದು ತಾಯಿತಂದೆಯ ಕರ್ತವ್ಯ. 868ನೆಯ ನಿಯಮದಂತೆ ಇಬ್ಬರಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆಯುತ್ತದೆ ಎಂಬ ಭರವಸೆಗೆ ಆಧಾರವಿರಬೇಕು. ಆಧಾರ ಏನೇನೂ ಇಲ್ಲದಿದ್ದರೆ ಪಾದ್ರಿಗಳು ಮುಂದೂಡಬೇಕು.

ನಮ್ಮ ಕರಾವಳಿಯಲ್ಲಿ ತಡವಾಗುವುದಕ್ಕೆ ಕಾರಣ ಸಾಮಾನ್ಯವಾಗಿ ತೆರ್ತುಲ್ಲಿಯನ್ನನ ವಾದವಲ್ಲ. ಚಿಕ್ಕಪ್ಪನಿಗೆ ಕುವೈತಿನಿಂದ ರಜೆ ಸಿಗಬೇಕು, ಅತ್ತಿಗೆ ಮುಂಬೈಯಿಂದ ಬರಬೇಕು, ಮಳೆಗಾಲ ಮುಗಿಯಬೇಕು, ಹಾಲ್ ಖಾಲಿ ಇರಬೇಕು. ನಂಬಿಕೆಯ ಕಾರಣಕ್ಕೆ ಕಾಯುವ ನಿಮ್ಮ ಮಾವನ ಬಗ್ಗೆ ನನಗೆ ಗೌರವವಿದೆ; ಕೇಕಿನ ಕಾರಣಕ್ಕೆ ಕಾಯುವವರ ಬಗ್ಗೆ ಅಷ್ಟಿಲ್ಲ. ದೀಕ್ಷೆಯಲ್ಲಿ ಮಗುವಿನ ವಿಶ್ವಾಸದ ಹೊಣೆಗೆ ಜೊತೆಯಾಗುವ ಜ್ಞಾನತಂದೆ, ಜ್ಞಾನತಾಯಿಯರ ಆಯ್ಕೆಯೂ ಹೀಗೆಯೇ ಹಳ್ಳ ಹಿಡಿಯುತ್ತದೆ. ಚಿನ್ನದ ಸರ ಯಾರು ಹಾಕುತ್ತಾರೆ ಎಂದು ನೋಡುವುದಲ್ಲ. ಅವರಿಗೆ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರಬೇಕು, ವಿಶ್ವಾಸದಲ್ಲಿ ಬದುಕುವ ಕಥೋಲಿಕರಾಗಿರಬೇಕು, ಮಗುವಿನ ತಂದೆ ತಾಯಿ ಆಗಿರಬಾರದು. ಒಬ್ಬರಿದ್ದರೂ ಸಾಕು, ಇಬ್ಬರಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು.

ನಿಮ್ಮ ತಾಯಿಯ ಅವಸರದ ಹಿಂದೆ ಒಂದು ಭಯವೂ ಇರಬಹುದು: ದೀಕ್ಷೆಯಿಲ್ಲದೆ ಮಗುವಿಗೆ ಏನಾದರೂ ಆದರೆ? ಅಂಥ ಶಿಶುಗಳು ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಲಿಂಬೋ ಎಂಬಲ್ಲಿಗೆ ಹೋಗುತ್ತವೆ ಎಂದು ಹಿಂದಿನವರು ಕೇಳಿ ಬೆಳೆದಿದ್ದಾರೆ. ಅದು ಸಭೆಯ ಕಡ್ಡಾಯ ಬೋಧನೆ ಎಂದೂ ಆಗಿರಲಿಲ್ಲ. ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ 2007ರಲ್ಲಿ, ಅಂಥ ಮಕ್ಕಳಿಗೂ ರಕ್ಷಣೆಯುಂಟೆಂದು ನಿರೀಕ್ಷಿಸಲು ಗಂಭೀರವಾದ ಕಾರಣಗಳಿವೆ ಎಂದಿತು. ಇಷ್ಟರ ಮೇಲೆ ನಿಜವಾಗಿಯೇ ಪ್ರಾಣಾಪಾಯ ಬಂದರೆ ಪಾದ್ರಿಗಳಿಗಾಗಿ ಕಾಯಬೇಕಿಲ್ಲ. ಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟು, ನೀರೆರೆದು, ತ್ರಿತ್ವದ ಹೆಸರು ಹೇಳಿದರೆ ಯಾರು ಕೊಟ್ಟರೂ ದೀಕ್ಷೆ ಸಲ್ಲುತ್ತದೆ; ಆಸ್ಪತ್ರೆಯ ಹಿಂದೂ ದಾದಿ ಕೊಟ್ಟರೂ ಸಲ್ಲುತ್ತದೆ. ಮಗು ಬದುಕಿದರೆ ಉಳಿದ ವಿಧಿಗಳನ್ನು ಇಗರ್ಜಿಯಲ್ಲಿ ಪೂರೈಸುತ್ತಾರೆ, ನೀರನ್ನು ಮತ್ತೆ ಹಾಕುವುದಿಲ್ಲ.

ಮತ್ತೆ ಹಾಕುವುದಿಲ್ಲ ಎಂಬುದೇ ನಿಮ್ಮ ಮನೆಯಲ್ಲಿ ಮುಂದೆ ತೊಡಕಾಗುವ ಮಾತು. ಕಥೋಲಿಕರ ಪ್ರಕಾರ ದೀಕ್ಷಾಸ್ನಾನ ಜೀವಮಾನದಲ್ಲಿ ಒಂದೇ ಸಲ. ಸಿಎಸ್‌ಐನಲ್ಲಿ ಕೊಟ್ಟ ದೀಕ್ಷೆಯನ್ನೂ ಅವರು ಒಪ್ಪುತ್ತಾರೆ. ಪೆಂತೆಕೊಸ್ತ್ ಸಭೆಗಳು ಶಿಶುವಾಗಿದ್ದಾಗ ಆದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಮಗ ಮುಂದೆ ಅಜ್ಜನ ಸಭೆಗೆ ಸೇರಿದರೆ ಅವನನ್ನು ಮುಳುಗಿಸಿಯೇ ಸೇರಿಸಿಕೊಳ್ಳುತ್ತಾರೆ. 1970ರಲ್ಲಿ ಬ್ಯಾಪ್ಟಿಸ್ಟರನ್ನೂ ಕೂಡಿಸಿಕೊಂಡು ಹುಟ್ಟಿದ ಉತ್ತರ ಭಾರತ ಸಭೆ ಎರಡೂ ಪದ್ಧತಿಗಳನ್ನು ಒಂದೇ ಮಾಡಿನಡಿ ಇಟ್ಟುಕೊಂಡಿದೆ. ಇದರ ಮೇಲೆ ಮನೆ ಮುರಿಯಲೇಬೇಕೆಂದಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ.

ನನ್ನ ಅಭಿಪ್ರಾಯ ಕೇಳಿದರೆ: ನೀವು, ನಿಮ್ಮ ಹೆಂಡತಿ ಇಬ್ಬರೂ ಮಗನನ್ನು ಭಾನುವಾರ ಪೂಜೆಗೆ ಕರೆದೊಯ್ಯುವವರು, ಮನೆಯಲ್ಲಿ ಪ್ರಾರ್ಥನೆ ಕಲಿಸುವವರು, ಧರ್ಮೋಪದೇಶದ ತರಗತಿಗೆ ಕಳುಹಿಸುವವರು ಆಗಿದ್ದರೆ ಈಗಲೇ ಮಾಡಿಸಿ, ನಾಲ್ಕು ತಿಂಗಳು ಆಗಲೇ ತಡ. ಇಬ್ಬರಿಗೂ ಅದರಲ್ಲಿ ಮನಸ್ಸಿಲ್ಲದೆ ಅಜ್ಜಿಯ ಸಮಾಧಾನಕ್ಕಷ್ಟೇ ಮಾಡಿಸುವುದಾದರೆ ಬಾಗಿಲ ಬಳಿಯ ಆ ಮೂರನೆಯ ಪ್ರಶ್ನೆಗೆ ಸುಳ್ಳು ಹೇಳಬೇಕಾಗುತ್ತದೆ, ಆಗ ಮಾವನ ಮಾತೇ ಮೇಲು. ಹೆಂಡತಿ ಇಲ್ಲದ ಹೊತ್ತು ನೋಡಿ ಕೂಸನ್ನು ಇಗರ್ಜಿಗೆ ಎತ್ತಿಕೊಂಡು ಹೋಗುವ ಕೆಲಸವನ್ನಂತೂ ಮಾಡಬೇಡಿ. ನಿಯಮದ ಪ್ರಕಾರ ಒಬ್ಬರ ಒಪ್ಪಿಗೆ ಸಾಕು, ಸಂಸಾರಕ್ಕೆ ಸಾಲದು.

ಮಾಡಿಸುವುದೆಂದು ಇಬ್ಬರೂ ಒಪ್ಪಿದರೆ ಹಾಲ್ ಗೊತ್ತು ಮಾಡುವ ಮೊದಲು ಪ್ಯಾರಿಷ್ ಕಚೇರಿಗೆ ಹೋಗಿ. ತಾಯಿತಂದೆಗೂ ಜ್ಞಾನತಂದೆತಾಯಿಯರಿಗೂ ಮುಂಚಿತವಾಗಿ ತಿಳಿವಳಿಕೆ ಕೊಡುವುದು ವಿಧಿಯ ಭಾಗವೇ. ಹೆಸರು, ಜನ್ಮದಿನ, ದೀಕ್ಷೆಯ ದಿನ, ತಾಯಿತಂದೆ ಮತ್ತು ಜ್ಞಾನತಂದೆತಾಯಿಯರ ಹೆಸರು ರಿಜಿಸ್ಟರಿಗೆ ಸೇರುತ್ತವೆ; ದೃಢೀಕರಣ, ಮದುವೆಗಳನ್ನು ಮುಂದೆ ಅದೇ ರಿಜಿಸ್ಟರಿನಲ್ಲಿ ಗುರುತಿಸುತ್ತಾರೆ. ಅಕ್ಷರಗಳನ್ನು ಅಲ್ಲೇ ಸರಿನೋಡಿಕೊಳ್ಳಿ. ಇಗರ್ಜಿಯ ಪ್ರಮಾಣಪತ್ರ ಸರ್ಕಾರದ ಜನನ ಪ್ರಮಾಣಪತ್ರಕ್ಕೆ ಬದಲಿಯಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಿಸಲು ಬೇಕಾದದ್ದು ಆ ಸರ್ಕಾರಿ ಪತ್ರವೇ, ಆದ್ದರಿಂದ ಎರಡರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ.