ಆನ್ಯಾಂಗ್ ಕಾದಿದ್ದು ಒಂದು ಪಂದ್ಯಕ್ಕೆ: ಕೆ ಲೀಗ್‌ನ ಹಳೇ ಗಾಯದ ಕಥೆ

2025ರ ಫೆಬ್ರವರಿ 22. ದಕ್ಷಿಣ ಕೊರಿಯಾದ ಫುಟ್‌ಬಾಲ್ ಲೀಗ್ ಆದ ಕೆ ಲೀಗ್‌ನ ಹೊಸ ಸೀಸನ್ ಶುರುವಾಗಿ ಇನ್ನೂ ಎರಡನೇ ವಾರ. ಸಿಯೋಲ್ ವರ್ಲ್ಡ್ ಕಪ್ ಸ್ಟೇಡಿಯಂಗೆ ಅಂದು 41 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ಒಂದು ಕಡೆ ರಾಜಧಾನಿಯ ದೊಡ್ಡ ತಂಡ ಎಫ್‌ಸಿ ಸಿಯೋಲ್. ಇನ್ನೊಂದು ಕಡೆ ಆಗಷ್ಟೇ ಎರಡನೇ ದರ್ಜೆಯಿಂದ ಮೇಲೆ ಬಂದ ಎಫ್‌ಸಿ ಆನ್ಯಾಂಗ್. ಇಂಥ ಪಂದ್ಯಕ್ಕೆ ಇಷ್ಟು ಜನ ಸುಮ್ನೆ ಬರುವುದಿಲ್ಲ ಅಲ್ವಾ? ನೇರಳೆ ಬಣ್ಣದ ಜೆರ್ಸಿ ತೊಟ್ಟು ಬಂದಿದ್ದ ಆನ್ಯಾಂಗ್ ಜನರ ಎದುರು ನಿಂತಿದ್ದು ಒಂದು ಕಾಲಕ್ಕೆ ಅವರದೇ ಆಗಿದ್ದ ತಂಡ.

ಕೊರಿಯಾದ ವೃತ್ತಿಪರ ಲೀಗ್ ಶುರುವಾಗಿದ್ದು 1983ರಲ್ಲಿ, 5 ತಂಡಗಳೊಂದಿಗೆ. ಆಗ ತಂಡ ಅಂದರೆ ಕಂಪನಿ. ಊರಿನ ಹೆಸರಿಗಿಂತ ಕಂಪನಿ ಹೆಸರೇ ದೊಡ್ಡದು. ಮರುವರ್ಷ ಲೀಗ್‌ಗೆ ಬಂದ ಲಕ್ಕಿ ಗೋಲ್ಡ್‌ಸ್ಟಾರ್ ಕೂಡ ಹಾಗೆಯೇ. ಅದೇ ಮುಂದೆ ಎಲ್‌ಜಿ ಆಯಿತು. ಮೊದಲು ಚುಂಗ್‌ಚಾಂಗ್ ಪ್ರಾಂತ್ಯದಲ್ಲಿದ್ದ ಈ ತಂಡ 1990ರಲ್ಲಿ ಸಿಯೋಲ್‌ಗೆ ಬಂತು. ಆಗ ಮೂರು ತಂಡಗಳು ಸಿಯೋಲ್‌ನ ತೊಂಗ್‌ದೆಮುನ್ ಮೈದಾನವೊಂದನ್ನೇ ಹಂಚಿಕೊಂಡಿದ್ದವು.

ಎಲ್ಲಾ ತಂಡಗಳೂ ರಾಜಧಾನಿಯಲ್ಲೇ ಕೂತರೆ ಬೇರೆ ಊರುಗಳಲ್ಲಿ ಫುಟ್‌ಬಾಲ್ ಬೆಳೆಯುವುದು ಹೇಗೆ? 1996ರಲ್ಲಿ ಲೀಗ್ ಆ ಮೂರೂ ತಂಡಗಳನ್ನು ಹೊರಗೆ ಕಳಿಸಿತು. ಇಲ್‌ಹ್ವಾ ಚೊನಾನ್‌ಗೆ ಹೋಯಿತು. ಯುಕೊಂಗ್ ಪುಚೊನ್‌ಗೆ. ಎಲ್‌ಜಿ ಸಿಯೋಲ್‌ನ ದಕ್ಷಿಣಕ್ಕಿರುವ ಆನ್ಯಾಂಗ್‌ಗೆ.

ಆನ್ಯಾಂಗ್ ಜನ ಆ ತಂಡವನ್ನು ಮನಸಾರೆ ತಮ್ಮದು ಮಾಡಿಕೊಂಡರು. ಗ್ಯಾಲರಿಯಲ್ಲಿ ಕೆಂಪು ಹೊಗೆ, ಕೆಂಪು ಬೆಂಕಿ. ಪಕ್ಕದ ಸುವೊನ್ ಊರಿನ ಸ್ಯಾಮ್‌ಸಂಗ್ ತಂಡದ ಜೊತೆ ಜಿದ್ದಾಜಿದ್ದಿ. ಎರಡು ಊರಿನ ನಡುವಿನ ಗುಡ್ಡದ ದಾರಿಯ ಹೆಸರಲ್ಲೇ ಅದನ್ನು 'ಜಿಜಿದೆ ಡರ್ಬಿ' ಅನ್ನುತ್ತಿದ್ದರು. 2000ರಲ್ಲಿ ಆನ್ಯಾಂಗ್ ಎಲ್‌ಜಿ ಚೀತಾಸ್ ಲೀಗ್ ಗೆದ್ದಿತು.

ಆಮೇಲೆ 2002ರ ವಿಶ್ವಕಪ್ ಬಂತು. ಸಿಯೋಲ್‌ನಲ್ಲಿ 60 ಸಾವಿರಕ್ಕೂ ಜಾಸ್ತಿ ಜನ ಕೂರುವ ಹೊಸ ಸ್ಟೇಡಿಯಂ ಎದ್ದಿತು. ವಿಶ್ವಕಪ್ ಮುಗಿದ ಮೇಲೆ ಅಲ್ಲಿ ಆಡುವ ತಂಡವೇ ಇರಲಿಲ್ಲ. 2004ರ ಫೆಬ್ರವರಿಯಲ್ಲಿ, ಹೊಸ ಸೀಸನ್ ಹೊಸ್ತಿಲಲ್ಲಿ, ಎಲ್‌ಜಿ ಸಿಯೋಲ್‌ಗೆ ಹೋಗುವುದಾಗಿ ಹೇಳಿತು. ಅಭಿಮಾನಿಗಳು ಪ್ರತಿಭಟಿಸಿದರು. ಏನೂ ನಡೆಯಲಿಲ್ಲ. ತಂಡ ಎಫ್‌ಸಿ ಸಿಯೋಲ್ ಆಯಿತು.

ಜಗಳ ಇಂದಿಗೂ ಎರಡು ಪದಗಳಲ್ಲಿ ನಿಂತಿದೆ. ಆನ್ಯಾಂಗ್ ಜನ ಇದನ್ನು ಊರು ಬಿಟ್ಟು ಹೋದದ್ದು ಅನ್ನುತ್ತಾರೆ. ಸಿಯೋಲ್ ಕಡೆಯವರು ತವರಿಗೆ ಮರಳಿದ್ದು ಅನ್ನುತ್ತಾರೆ. ನಮ್ಮನ್ನು 1996ರಲ್ಲಿ ಬಲವಂತವಾಗಿ ಹೊರಗೆ ಕಳಿಸಿದ್ದರು, ನಾವು ವಾಪಸ್ ಬಂದೆವು ಅನ್ನುವುದು ಅವರ ಮಾತು. ಅದರಲ್ಲಿ ಸುಳ್ಳಿಲ್ಲ. ಆದರೂ ನನ್ನ ಮನಸ್ಸು ಆನ್ಯಾಂಗ್ ಕಡೆಗೇ ವಾಲುತ್ತದೆ. 1996ರಲ್ಲಿ ತಂಡವನ್ನು ಕಳಿಸಿದ್ದು ಲೀಗ್, 2004ರಲ್ಲಿ ಕರೆದೊಯ್ದಿದ್ದು ಕಂಪನಿ. ಎರಡು ಸಲವೂ ಆನ್ಯಾಂಗ್ ಜನರ ಕೈಯಲ್ಲಿ ಏನೂ ಇರಲಿಲ್ಲ. ಎಂಟು ವರ್ಷ ಗ್ಯಾಲರಿಯಲ್ಲಿ ನಿಂತು ಕೂಗಿದವರು ಮಾತ್ರ ಅವರೇ.

ಒಂಬತ್ತು ವರ್ಷ ಆ ಊರಿಗೆ ವೃತ್ತಿಪರ ತಂಡ ಇರಲಿಲ್ಲ. ಅಭಿಮಾನಿಗಳು ಚದುರಲಿಲ್ಲ. ನಗರಸಭೆಯ ದುಡ್ಡಿನಲ್ಲಿ ಊರಿನದೇ ತಂಡ ಕಟ್ಟಬೇಕು ಎಂದು ಹಟ ಹಿಡಿದರು. 2012ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2013ರ ಫೆಬ್ರವರಿಯಲ್ಲಿ ಎಫ್‌ಸಿ ಆನ್ಯಾಂಗ್ ಹುಟ್ಟಿತು. ಬಣ್ಣ ಕೆಂಪಲ್ಲ, ನೇರಳೆ. ಆನ್ಯಾಂಗ್ ಹಿಂದೆ ದ್ರಾಕ್ಷಿಗೆ ಹೆಸರಾದ ಊರು, ಅದಕ್ಕೇ ಆ ಬಣ್ಣ.

2017ರಲ್ಲಿ ಕೊರಿಯಾದ ನಾಕೌಟ್ ಟೂರ್ನಿ ಎಫ್‌ಎ ಕಪ್‌ನಲ್ಲಿ ಸಿಯೋಲ್ ಎದುರಾಯಿತು. ಆನ್ಯಾಂಗ್ 0-2ರಿಂದ ಸೋತಿತು. 2022ರಲ್ಲಿ ಮೊದಲ ದರ್ಜೆಗೆ ಹತ್ತುವ ಪ್ಲೇಆಫ್‌ನಲ್ಲಿ ಸಿಕ್ಕಿದ್ದು ಹಳೇ ಜಿದ್ದಿನ ಸುವೊನ್. ಹೆಚ್ಚುವರಿ ಸಮಯದ ಕೊನೇ ಗಳಿಗೆಯಲ್ಲಿ, 120ನೇ ನಿಮಿಷದಲ್ಲಿ, ಗೋಲು ಬಿಟ್ಟುಕೊಟ್ಟು ಸೋತರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ 2024ರಲ್ಲಿ ಯೂ ಬ್ಯೊಂಗ್-ಹುನ್ ಕೋಚ್ ಆಗಿದ್ದಾಗ ತಂಡ ಎರಡನೇ ದರ್ಜೆಯ ಚಾಂಪಿಯನ್ ಆಯಿತು.

2025ರ ಮೊದಲ ಪಂದ್ಯದಲ್ಲೇ, ಸತತ ಮೂರು ವರ್ಷದ ಚಾಂಪಿಯನ್ ಉಲ್ಸಾನ್ ತಂಡವನ್ನು ಅವರ ಊರಲ್ಲೇ 1-0ಯಿಂದ ಸೋಲಿಸಿದರು. ಮುಂದಿನ ವಾರ ಸಿಯೋಲ್‌ನಲ್ಲಿ 1-2ರ ಸೋಲು. ಮೇ ತಿಂಗಳಲ್ಲಿ ಆನ್ಯಾಂಗ್‌ನಲ್ಲಿ 1-1. ಆಗಸ್ಟ್ 31ರಂದು ಮತ್ತೆ ಸಿಯೋಲ್ ಸ್ಟೇಡಿಯಂ. ಆನ್ಯಾಂಗ್ ಬೇಗನೇ ಗೋಲು ಹೊಡೆಯಿತು, ಆಮೇಲೆ ತನ್ನದೇ ಆಟಗಾರನ ಕಾಲಿನಿಂದ ಗೋಲು ಬಿಟ್ಟುಕೊಟ್ಟಿತು. ನಂತರ ಬ್ರೆಜಿಲ್‌ನ ಮೊಟಾ ಗೆಲುವಿನ ಗೋಲು ಹೊಡೆದರು. 2-1. ಸಿಯೋಲ್ ವಿರುದ್ಧ ಎಫ್‌ಸಿ ಆನ್ಯಾಂಗ್‌ನ ಮೊಟ್ಟಮೊದಲ ಗೆಲುವು ಅದು. ಸೀಸನ್ ಕೊನೆಗೆ ತಂಡ ಮೊದಲ ದರ್ಜೆಯಲ್ಲೇ ಉಳಿಯಿತು.

ಪುಚೊನ್‌ಗೂ ಇದೇ ಗತಿಯಾಗಿತ್ತು. 2006ರಲ್ಲಿ ಅಲ್ಲಿನ ತಂಡವನ್ನು, ಅಂದರೆ ಹಿಂದಿನ ಯುಕೊಂಗ್ ಅನ್ನು, ಎಸ್‌ಕೆ ಕಂಪನಿ ಜೆಜು ದ್ವೀಪಕ್ಕೆ ಕರೆದೊಯ್ದಿತು. ಮರುವರ್ಷ ಅಭಿಮಾನಿಗಳು ಪುಚೊನ್ ಎಫ್‌ಸಿ 1995 ಕಟ್ಟಿದರು. 2025ರ ಡಿಸೆಂಬರ್‌ನಲ್ಲಿ ಅವರೂ ಪ್ಲೇಆಫ್ ಗೆದ್ದು ಮೊದಲ ದರ್ಜೆಗೆ ಹತ್ತಿದರು. ಅಲ್ಲಿ ಜೆಜು ತಂಡ ಆಗಲೇ ಇದೆ.